ಗಣಿ ಕೆಲಸಗಾರನ ಮಗಳು ಸರಿ, ಪ್ರಾಸ ಕಟ್ಟಿದ್ದು ಯಾರು?

ಮೊನ್ನೆ ಯಾರೋ ಲೊರೆಟ್ಟಾ ಲಿನ್ ಬಗ್ಗೆ ಹಂಚಿಕೊಂಡಿದ್ದ ಪೋಸ್ಟ್ ಓದಿದೆ. ಕಡು ಬಡತನ, ಹದಿಮೂರಕ್ಕೆ ಮದುವೆ, ಮೇಲಿಂದ ಮೇಲೆ ಮಕ್ಕಳು, ಕುಡುಕ ಗಂಡ, ಕೊನೆಗೆ ಅಮೆರಿಕದ ದೊಡ್ಡ ಹಾಡುಗಾರ್ತಿ. ಕೆಳಗೆ ಸಾಲು ಸಾಲು ಕೈಮುಗಿದ ಇಮೋಜಿ. ಅಷ್ಟುದ್ದ ಬರಹದಲ್ಲಿ ಆಕೆಯ ಒಂದೇ ಒಂದು ಹಾಡಿನ ಸಾಲಿಲ್ಲ.

ನನಗೆ ಸಿಟ್ಟು ಬಂತು. ಒಬ್ಬಳು ಹೆಂಗಸು ಕೂತು ಪ್ರಾಸಕ್ಕೆ ಪ್ರಾಸ ಕೂಡಿಸಿ ಹಾಡು ಬರೆದಿದ್ದಾಳೆ. ನಾವು ಮಾತಾಡುವುದು ಬರೀ ಆಕೆ ಪಟ್ಟ ಕಷ್ಟದ ಬಗ್ಗೆ. ಕಷ್ಟ ಎಲ್ಲರಿಗೂ ಇತ್ತು ಕಣ್ರೀ. ಆಕೆಯ ಊರಿದ್ದ ಆ ಬೆಟ್ಟದ ಸಂದಿಯಲ್ಲಿ ಹುಟ್ಟಿದ ಪ್ರತಿ ಮನೆಯ ಮಗಳಿಗೂ ಇತ್ತು. ಹಾಡು ಬರೆದದ್ದು ಎಷ್ಟು ಜನ?

(ಏಕವಚನದಲ್ಲೇ ಬರೆಯುತ್ತೇನೆ. ಅಗೌರವ ಅಂತಲ್ಲ. ಇಷ್ಟು ವರ್ಷ ಕಿವಿಯಲ್ಲೇ ಇದ್ದವಳನ್ನು ‘ಅವರು’ ಎನ್ನಲು ಬಾಯಿ ಬರುವುದಿಲ್ಲ.)

ನನಗೆ ಆಕೆ ಪರಿಚಯವಾದದ್ದು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ. ಡಿಗ್ರಿ ಮುಗಿಸಿ ಸೇರಿದ ಮೊದಲ ಕೆಲಸ, ನೈಟ್ ಶಿಫ್ಟ್. ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಬರುವ ಕರೆಗಳು ನಮಗೆ ಅರ್ಥವೇ ಆಗುತ್ತಿರಲಿಲ್ಲ. ಟ್ರೈನಿಂಗ್ ಕೊಡುತ್ತಿದ್ದ ಮೇಡಂ ಒಂದು ದಿನ ಲ್ಯಾಪ್‌ಟಾಪ್‌ನಲ್ಲಿ ಹಾಡೊಂದನ್ನು ಹಾಕಿ, ‘ಇವಳು ಹೇಳುವುದು ತಿಳಿದರೆ ಕೆಂಟಕಿಯವರು ಹೇಳುವುದೆಲ್ಲ ತಿಳಿಯುತ್ತದೆ’ ಅಂದರು. ‘ಕೋಲ್ ಮೈನರ್ಸ್ ಡಾಟರ್.’ ಕಲ್ಲಿದ್ದಲು ಗಣಿ ಕೆಲಸಗಾರನ ಮಗಳು.

ಹಾಡು ಶುರುವಾಗುವುದೇ ವ್ಯಾಕರಣದ ತಪ್ಪಿನಿಂದ. ನಾನು ಹುಟ್ಟಿದೆ ಎನ್ನಲು ‘ಬಾರ್ನ್ಡ್’ ಎನ್ನುತ್ತಾಳೆ. ಇಂಗ್ಲಿಷ್‌ನಲ್ಲಿ ಹಾಗೊಂದು ರೂಪವಿಲ್ಲ, ಆಕೆಯ ಊರಿನಲ್ಲಿದೆ. ಮುಂದೆ ‘ಹಾರ್ಡ್’ ಅನ್ನುವುದಕ್ಕೆ ‘ಟಯರ್ಡ್’ ಪ್ರಾಸವಾಗಿ ಬರುತ್ತದೆ. ಕಾಗದದ ಮೇಲೆ ಬರೆದು ನೋಡಿ, ಅದು ಪ್ರಾಸವೇ ಅಲ್ಲ. ಆಕೆ ಹಾಡುವಾಗ ಅದು ‘ಟಾರ್ಡ್’ ಆಗುತ್ತದೆ. ಆ ಬೆಟ್ಟದವರ ಬಾಯಲ್ಲಿ ಅದು ಹಾಗೇ. ಊರ ಮಾತು ಬಿಟ್ಟರೆ ಪ್ರಾಸ ಹೋಯಿತು, ಪ್ರಾಸ ಹೋದರೆ ಹಾಡೇ ಇಲ್ಲ. ಇದು ಮುಗ್ಧ ಹಳ್ಳಿ ಹುಡುಗಿಗೆ ಆಕಸ್ಮಿಕವಾಗಿ ಒದಗಿದ್ದು ಅಂತ ನನಗೆ ಯಾರೂ ಹೇಳಬೇಡಿ. ಇದು ಕಸುಬು.

ಊರಿನ ಹೆಸರಿನಲ್ಲೂ ಇದೇ ಆಟ. ನಕ್ಷೆಯಲ್ಲಿ ಬುಚರ್ ಹಾಲೋ, ಬಾಯಲ್ಲಿ ಬುಚರ್ ಹಾಲರ್. ಕೆಂಟಕಿ ರಾಜ್ಯದ ಪೂರ್ವಕ್ಕೆ, ಅಪಲಾಚಿಯಾ ಬೆಟ್ಟಗಳ ನಡುವಿನ ಇಕ್ಕಟ್ಟು ಕಣಿವೆ. ಹತ್ತಿರದಲ್ಲೇ ವ್ಯಾನ್ ಲಿಯರ್ ಎಂಬ ಗಣಿ ಊರು. ಲೊರೆಟ್ಟಾ ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಎಂಟು ಮಕ್ಕಳಲ್ಲಿ ಎರಡನೆಯವಳು. ಮರದ ಮನೆ. ಗೋಡೆಯ ಸಂದಿಯಲ್ಲಿ ಗಾಳಿ ನುಗ್ಗದಂತೆ ಹಳೇ ಪತ್ರಿಕೆಗಳ ಹಾಳೆ ಅಂಟಿಸುತ್ತಿದ್ದರು. ಅದರಲ್ಲಿ ಕಂಡ ಸಿನಿಮಾ ನಟಿ ಲೊರೆಟ್ಟಾ ಯಂಗ್‌ಳ ಹೆಸರನ್ನೇ ತಾಯಿ ಮಗಳಿಗೆ ಇಟ್ಟಳಂತೆ. ತಂದೆ ಟೆಡ್ ವೆಬ್ ಗಣಿಯಲ್ಲಿ ದುಡಿದು ಶ್ವಾಸಕೋಶದ ತುಂಬ ಕಲ್ಲಿದ್ದಲ ಧೂಳು ತುಂಬಿಕೊಂಡು 1959ರಲ್ಲಿ ತೀರಿಕೊಂಡ. ಮಗಳ ಮೊದಲ ರೆಕಾರ್ಡ್ ಬಂದದ್ದು ಅದರ ಮರುವರ್ಷ.

ಆ ಹಾಡಿನಲ್ಲಿ ‘ನಾವು ತುಂಬಾ ಕಷ್ಟದಲ್ಲಿದ್ದೆವು’ ಅಂತ ಗೋಳಾಡುವುದಿಲ್ಲ. ಬೇಸಿಗೆಯಲ್ಲಿ ಕಾಲಿಗೆ ಶೂ ಇರಲಿಲ್ಲ, ಚಳಿಗಾಲಕ್ಕೆ ಹಂದಿ ಮಾರಿದ ದುಡ್ಡಿನಲ್ಲಿ ಅಂಚೆಯ ಮೂಲಕ ಹೊಸ ಶೂ ಬರುತ್ತಿತ್ತು ಎನ್ನುತ್ತಾಳೆ. ಒಂದು ಹಂದಿಗೆ ಇಷ್ಟು ಜೋಡಿ ಶೂ. ಅಷ್ಟರಲ್ಲಿ ಇಡೀ ಮನೆಯ ಲೆಕ್ಕ ತಿಳಿಯಿತಲ್ವಾ? ಬಟ್ಟೆ ಒಗೆದು ಒಗೆದು ತಾಯಿಯ ಬೆರಳಲ್ಲಿ ಬಂದ ರಕ್ತವನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ನಿಂತು ಅಳುವುದಿಲ್ಲ. ಮೊದಲು ಬರೆದಾಗ ಇನ್ನೂ ಹೆಚ್ಚು ಚರಣಗಳಿದ್ದವು. ಉದ್ದವಾಯಿತೆಂದು ನಿರ್ಮಾಪಕ ಓವೆನ್ ಬ್ರಾಡ್ಲಿ ಕೆಲವನ್ನು ಕತ್ತರಿಸಲು ಹೇಳಿದ. 1969ರಲ್ಲಿ ರೆಕಾರ್ಡ್ ಆಗಿ, 1970ರಲ್ಲಿ ಹೊರಬಂದು, ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಕಂಟ್ರಿ ಮ್ಯೂಸಿಕ್ ಅಂದರೆ ಏನು ಅನ್ನುವವರಿಗೆ: ಗಿಟಾರ್, ಫಿಡಲ್, ಎಳೆದು ಅಳುವ ಸ್ಟೀಲ್ ಗಿಟಾರ್ ಇಟ್ಟುಕೊಂಡು ಅಮೆರಿಕದ ದಕ್ಷಿಣದ ದುಡಿಯುವ ಜನ ಕಟ್ಟಿಕೊಂಡ ಹಾಡು. ನಮ್ಮ ಸಿನಿಮಾದವರಿಗೆ ಗಾಂಧಿನಗರ ಹೇಗೋ ಇವರಿಗೆ ನ್ಯಾಶ್‌ವಿಲ್ ಹಾಗೆ.

ಈಗ ಆ ‘ಹದಿಮೂರಕ್ಕೆ ಮದುವೆ’ ವಿಷಯ. ಆಕೆಯೇ 1976ರ ತನ್ನ ಆತ್ಮಕಥೆಯಲ್ಲಿ ಹಾಗೆ ಹೇಳಿಕೊಂಡಿದ್ದು ನಿಜ. 2012ರಲ್ಲಿ ಪತ್ರಕರ್ತರು ಜನನ ದಾಖಲೆ ತೆಗೆದಾಗ ಗೊತ್ತಾಯಿತು, 1948ರ ಜನವರಿಯಲ್ಲಿ ಮದುವೆಯಾದಾಗ ಆಕೆಗೆ ಹದಿನೈದು. ಹದಿನೈದೇನು ದೊಡ್ಡ ವಯಸ್ಸಲ್ಲ ಬಿಡಿ. ಆದರೂ ದಾಖಲೆ ಸಿಕ್ಕು ಇಷ್ಟು ವರ್ಷವಾದರೂ ಪೋಸ್ಟುಗಳಲ್ಲಿ ಹದಿಮೂರೇ ಓಡುತ್ತಿದೆ. ಕಥೆ ಎಷ್ಟು ಕರುಳು ಹಿಂಡುತ್ತದೋ ಅಷ್ಟು ಲೈಕು.

ಗಂಡ ಆಲಿವರ್ ಲಿನ್, ಎಲ್ಲರ ಬಾಯಲ್ಲಿ ಡೂಲಿಟಲ್, ಸುಮ್ನೆ ಡೂ. ಶಾಲೆಯಲ್ಲಿ ಹುಡುಗಿಯರು ಮಾಡಿ ತಂದ ಕಡುಬುಗಳ ಹರಾಜು ನಡೆದಾಗ ಇವಳದ್ದನ್ನು ಕೂಗಿ ಕೊಂಡವನು ಅವನು. ಅದಕ್ಕೆ ಇವಳು ಸಕ್ಕರೆ ಬದಲು ಉಪ್ಪು ಹಾಕಿದ್ದಳು! ಮದುವೆಯಾದ ಮೇಲೆ ದೇಶದ ಇನ್ನೊಂದು ಮೂಲೆಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಊರಿಗೆ ಹೋದರು. ಇಪ್ಪತ್ತರ ಆಸುಪಾಸಿನಲ್ಲೇ ನಾಲ್ಕು ಮಕ್ಕಳು. ಡೂ ಕುಡಿಯುತ್ತಿದ್ದ, ಬೇರೆ ಹೆಂಗಸರ ಹಿಂದೆ ಹೋಗುತ್ತಿದ್ದ, ಕೈ ಮಾಡುತ್ತಿದ್ದ. ತಾನೂ ತಿರುಗಿಸಿ ಹೊಡೆಯುತ್ತಿದ್ದೆ ಅಂತ ಆಕೆ ಹೇಳಿಕೊಂಡಿದ್ದಾಳೆ. ಹದಿನೇಳು ಡಾಲರ್ ಕೊಟ್ಟು ಗಿಟಾರ್ ತಂದುಕೊಟ್ಟವನೂ ಅವನೇ. ನೀನು ಚೆನ್ನಾಗಿ ಹಾಡುತ್ತೀಯ, ನಾಲ್ಕು ಜನರ ಮುಂದೆ ಹಾಡು ಅಂತ ಎಳೆದುಕೊಂಡು ಹೋದವನೂ ಅವನೇ. ಈ ಮನುಷ್ಯನನ್ನು ಎಲ್ಲಿ ಇಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. 1996ರಲ್ಲಿ ಅವನು ಸಾಯುವತನಕ ಆಕೆ ಬಿಟ್ಟು ಹೋಗಲಿಲ್ಲ. ಹೋಗಬೇಕಿತ್ತು ಅಂತ ನನ್ನ ಹೆಂಡತಿಯ ತೀರ್ಪು.

ಗಿಟಾರ್ ತಾನೇ ಕಲಿತಳು. 1960ರಲ್ಲಿ ತಾನೇ ಬರೆದ ‘ಐಯಾಮ್ ಎ ಹಾಂಕಿ ಟಾಂಕ್ ಗರ್ಲ್’ ಹಾಡನ್ನು ಜೀರೋ ಎಂಬ ಪುಟ್ಟ ಕಂಪನಿಗೆ ರೆಕಾರ್ಡ್ ಮಾಡಿದಳು. ಪ್ರಚಾರ ಯಾರು ಮಾಡಬೇಕು? ಗಂಡ ಹೆಂಡತಿ ಇಬ್ಬರೇ ರೇಡಿಯೋ ಸ್ಟೇಷನ್‌ಗಳಿಗೆ ಫೋಟೋ ಜೊತೆ ರೆಕಾರ್ಡ್ ಅಂಚೆಯಲ್ಲಿ ಕಳಿಸಿದರು. ಆಮೇಲೆ ಕಾರು ಹತ್ತಿ ಊರೂರು ತಿರುಗಿದರು. ರೇಡಿಯೋ ಸ್ಟೇಷನ್ ಕಂಡಲ್ಲಿ ನಿಲ್ಲಿಸುವುದು, ಒಳಗೆ ಹೋಗಿ ದಯವಿಟ್ಟು ಹಾಕಿ ಅನ್ನುವುದು. ಸ್ಯಾಂಡ್‌ವಿಚ್ ತಿಂದು ಕಾರಿನಲ್ಲೇ ಮಲಗುವುದು. ಹಾಡು ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮದ ವೇದಿಕೆ ಹತ್ತಿದಳು. ಅಲ್ಲಿ ಗೆಳತಿಯಾಗಿ ಸಿಕ್ಕವಳು ಪ್ಯಾಟ್ಸಿ ಕ್ಲೈನ್, ಆ ಹೊತ್ತಿನ ದೊಡ್ಡ ಹೆಸರು. ಇವಳಿಗೆ ಬಟ್ಟೆ ಕೊಟ್ಟಳು, ವೇದಿಕೆ ಮೇಲೆ ನಿಲ್ಲುವುದು ಹೇಗೆಂದು ಹೇಳಿಕೊಟ್ಟಳು. 1963ರಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಳು. ಮರುವರ್ಷ ಹುಟ್ಟಿದ ಅವಳಿಗಳಲ್ಲಿ ಒಬ್ಬಳಿಗೆ ಲೊರೆಟ್ಟಾ ಇಟ್ಟ ಹೆಸರು ಪ್ಯಾಟ್ಸಿ.

ಆಮೇಲಿನ ಹತ್ತು ವರ್ಷ ನೋಡಿ. ಒಂದು ಸಂಜೆ ಕಾರ್ಯಕ್ರಮಕ್ಕೆ ಮುಂಚೆ ಒಬ್ಬ ಹೆಂಗಸು ವೇದಿಕೆಯ ಹಿಂದೆ ಬಂದು ಗೋಳು ಹೇಳಿಕೊಂಡಳು. ಅವಳ ಗಂಡ ಬೇರೊಬ್ಬಳನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾನೆ. ಲೊರೆಟ್ಟಾ ಪರದೆ ಸರಿಸಿ ನೋಡಿ, ನಿನ್ನ ಗಂಡನನ್ನು ಕಿತ್ತುಕೊಳ್ಳುವಷ್ಟು ಹೆಣ್ಣೇನಲ್ಲ ಬಿಡು ಅವಳು, ಅಂದಳು. ಆ ಮಾತೇ 1966ರ ‘ಯು ಏಂಟ್ ವುಮನ್ ಇನಫ್’ ಹಾಡಾಯಿತು. ನೂರು ಜನ ಅಂಥ ಮಾತು ಆಡುತ್ತಾರೆ, ಆಡಿ ಮರೆಯುತ್ತಾರೆ. ಇವಳು ಮರೆಯಲಿಲ್ಲ. ಅದೇ ವರ್ಷ ವಿಯೆಟ್ನಾಂ ಯುದ್ಧಕ್ಕೆ ಹೋದ ಗಂಡನಿಗಾಗಿ ಕಾಯುವವಳ ಹಾಡು ಬರೆದಳು. ಕುಡಿದು ಬಂದು ಪ್ರೀತಿ ಕೇಳಬೇಡ ಅಂತ ಗಂಡನ ಮುಖಕ್ಕೆ ಹೇಳುವ ಹಾಡನ್ನು ತಂಗಿ ಪೆಗ್ಗಿ ಸೂ ಜೊತೆ ಸೇರಿ ಬರೆದಳು. 1967ರಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು, ಆಕೆಯ ಹಾಡೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. 1972ರ ‘ರೇಟೆಡ್ ಎಕ್ಸ್’ ಗಂಡನನ್ನು ಬಿಟ್ಟ ಹೆಂಗಸನ್ನು ಊರು ಹೇಗೆ ನೋಡುತ್ತದೆ ಎಂಬುದರ ಬಗ್ಗೆ.

ನನಗೆ ಎಲ್ಲಕ್ಕಿಂತ ಇಷ್ಟ 1968ರ ‘ಫಿಸ್ಟ್ ಸಿಟಿ.’ ನಾನು ಅದನ್ನು ‘ಗುದ್ದೂರು’ ಅಂತ ಕರೆಯುತ್ತೇನೆ. ಗಂಡನ ಮೇಲೆ ಕಣ್ಣು ಹಾಕಿದವಳಿಗೆ ಎಚ್ಚರಿಕೆ: ನಮ್ಮೂರು ಬಳಸಿಕೊಂಡು ಹೋಗು, ಇಲ್ಲವಾದರೆ ಗುದ್ದೂರಿಗೆ ಕಳಿಸುತ್ತೇನೆ. ತನ್ನ ಗಂಡ ಸಂತ ಅಂತ ಆಕೆ ಹೇಳುವುದಿಲ್ಲ. ‘ಸೇಂಟ್’ಗೆ ‘ಏಂಟ್’ ಪ್ರಾಸ ಹಾಕಿ, ಅವನು ಸಂತನಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತಾಳೆ. ಇನ್ನೊಂದು ಸಾಲು ಇನ್ನೂ ಖಾರ: ನನ್ನವನು ಕಸ ಎತ್ತಿದರೆ ಅದನ್ನು ಕಸದ ಡಬ್ಬಿಗೇ ಹಾಕುತ್ತಾನೆ. ನಲ್ಲಿ ಹತ್ತಿರ ಕೊಡ ಇಟ್ಟುಕೊಂಡು ಜಗಳ ಆಡುವವರ ಬಾಯಲ್ಲಿ ಮಾತ್ರ ನಾನು ಇಂಥ ಮಾತು ಕೇಳಿದ್ದೇನೆ.

‘ದ ಪಿಲ್’ ಹಾಡಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬೇಗ ಮುಗಿಸುತ್ತೇನೆ. ಗರ್ಭ ನಿರೋಧಕ ಮಾತ್ರೆಯ ಹಾಡು. ಬರೆದವರು ಬೇರೆಯವರು, ಹಾಡುವ ಗಟ್ಟಿತನ ಇವಳದ್ದು. 1972ರಲ್ಲೇ ರೆಕಾರ್ಡ್ ಆಗಿದ್ದನ್ನು ಕಂಪನಿ 1975ರತನಕ ಹೊರಗೆ ಬಿಡಲಿಲ್ಲ. ಬಿಟ್ಟ ಮೇಲೆ ಎಷ್ಟೋ ರೇಡಿಯೋದವರು ಹಾಕುವುದಿಲ್ಲ ಅಂದರು. ಆದರೂ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಬಂತು. ಆರು ಮಕ್ಕಳ ತಾಯಿ ಅದನ್ನು ಹಾಡಿದಾಗ ಎದುರು ಮಾತಾಡುವುದು ಸುಲಭವಲ್ಲ.

ಹೊಗಳಿಕೆಯ ಪೋಸ್ಟುಗಳಲ್ಲಿ ನಾನು ಎಂದೂ ಕಾಣದ ಒಂದು ವಿಷಯ ಇದೆ. ಶುರುವಿನಲ್ಲಿ ನ್ಯಾಶ್‌ವಿಲ್‌ನಲ್ಲಿ ಇವಳ ಕೈ ಹಿಡಿದವರು ವಿಲ್ಬರ್ನ್ ಸಹೋದರರು ಎಂಬ ಹಾಡುಗಾರರು. ತಮ್ಮ ಟಿವಿ ಕಾರ್ಯಕ್ರಮದಲ್ಲಿ ಹಾಡಿಸಿದರು, ದೊಡ್ಡ ಕಂಪನಿಯ ಬಾಗಿಲು ತೆರೆಸಿದರು. ಜೊತೆಗೆ ಇವಳು ಬರೆಯುವ ಹಾಡುಗಳ ಪಬ್ಲಿಷಿಂಗ್ ಹಕ್ಕು, ಅಂದರೆ ಆ ಹಾಡುಗಳ ಒಡೆತನ, ತಮ್ಮ ಕಂಪನಿಗೆ ಸೇರುವ ಹಾಗೆ ಸಹಿ ಹಾಕಿಸಿಕೊಂಡರು. ಎಪ್ಪತ್ತರ ದಶಕದ ಮೊದಲಿಗೆ ಆಕೆ ಅವರಿಂದ ಬೇರೆಯಾದಳು. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು, ಹಕ್ಕು ಮರಳಿ ಬರಲಿಲ್ಲ. ಹೊಸದಾಗಿ ಬರೆದರೂ ಅವರ ಪಾಲಾಗುತ್ತದೆ ಅಂತ ಆಕೆ ಬರೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದಳು.

1972ರಲ್ಲಿ ಕಂಟ್ರಿ ಸಂಗೀತದವರ ಸಂಘ ಆಕೆಯನ್ನು ವರ್ಷದ ಕಲಾವಿದೆ ಅಂತ ಆರಿಸಿತು, ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವಳೇ. 1980ರಲ್ಲಿ ಆಕೆಯ ಬದುಕಿನ ಸಿನಿಮಾ ಬಂತು, ಪಾತ್ರ ಮಾಡಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಬಂತು. ಆಕೆಯ ಕಷ್ಟ ಜಗತ್ತಿಗೆಲ್ಲ ತಲುಪಿತು. ಆ ಹೊತ್ತಿಗೆ ಪೆನ್ನು ಮಾತ್ರ ಮೂಲೆ ಸೇರಿತ್ತು. ನನ್ನ ಸಿಟ್ಟಿನ ಮೂಲ ಇದೇ ಇರಬೇಕು.

ಪೆನ್ನು ಮತ್ತೆ ಹೊರಗೆ ಬಂತು, ತಡವಾಗಿ. ದಿ ವೈಟ್ ಸ್ಟ್ರೈಪ್ಸ್ ಎಂಬ ರಾಕ್ ತಂಡದ ಜ್ಯಾಕ್ ವೈಟ್ ಈಕೆಯ ಹುಚ್ಚು ಅಭಿಮಾನಿ. 2001ರ ತಮ್ಮ ಆಲ್ಬಮ್ ಅನ್ನು ಆ ತಂಡ ಈಕೆಗೇ ಅರ್ಪಿಸಿತ್ತು. 2004ರಲ್ಲಿ ಇಬ್ಬರೂ ಸೇರಿ ‘ವ್ಯಾನ್ ಲಿಯರ್ ರೋಸ್’ ಮಾಡಿದರು. ಹುಟ್ಟೂರಿನ ಪಕ್ಕದ ಆ ಗಣಿ ಊರಿನ ಹೆಸರು, ಎಲೆಕ್ಟ್ರಿಕ್ ಗಿಟಾರಿನ ಅಬ್ಬರ, ಮಾತು ಆಕೆಯದ್ದೇ. ಆಗ ವಯಸ್ಸು 72. ಎರಡು ಗ್ರ್ಯಾಮಿ ಬಂತು. ನಾನು ಅದನ್ನು ಕೇಳಿದಾಗ ಖುಷಿಗಿಂತ ಹೊಟ್ಟೆಯುರಿ ಜಾಸ್ತಿ ಆಯಿತು. ನಡುವಿನ ಅಷ್ಟು ವರ್ಷದ ಹಾಡುಗಳನ್ನು ಯಾರು ಕೊಡುತ್ತಾರೆ?

2022ರ ಅಕ್ಟೋಬರ್ 4ರಂದು ಟೆನೆಸ್ಸಿಯ ಹರಿಕೇನ್ ಮಿಲ್ಸ್‌ನಲ್ಲಿ, ತನ್ನ ಮನೆಯಲ್ಲಿ ನಿದ್ದೆಯಲ್ಲೇ ಹೋದಳು. ತೊಂಬತ್ತು ವರ್ಷ.

ಆ ಕಾಲ್ ಸೆಂಟರ್‌ಗೆ ವಾಪಸ್ ಬರುತ್ತೇನೆ. ಟ್ರೈನಿಂಗ್ ಮುಗಿದು ಎರಡು ತಿಂಗಳಾಗಿತ್ತು. ರಾತ್ರಿ ಮೂರರ ಹೊತ್ತಿಗೆ ಕೆಂಟಕಿಯಿಂದ ಒಬ್ಬ ಅಜ್ಜಿಯ ಕರೆ, ಬಿಲ್ ತಪ್ಪಾಗಿದೆ ಅಂತ. ಮಾತಿನ ನಡುವೆ ‘ಟಾರ್ಡ್’ ಅಂದಳು. ನನಗೆ ತಡೆಯಲಾಗಲಿಲ್ಲ, ಮೇಡಂ ನೀವು ಲೊರೆಟ್ಟಾ ಲಿನ್ ಹಾಡು ಕೇಳುತ್ತೀರಾ ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಜ್ಜಿ ನಗಲು ಶುರು ಮಾಡಿದಳು. ಗಣಿಯ ವಿಷಯ ಎತ್ತಲಿಲ್ಲ, ಬಡತನದ ವಿಷಯ ಎತ್ತಲಿಲ್ಲ. ಆ ಕಸದ ಡಬ್ಬಿಯ ಸಾಲನ್ನು ರಾಗವಾಗಿ ಹಾಡಿ, ತಾನು ಯಾವಾಗ ಯಾರಿಗೆ ಅದನ್ನು ಎದುರಿಗೇ ಹಾಡಿದ್ದೆ ಅಂತ ಹೆಸರು ಸಮೇತ ಹೇಳಿದಳು. ಕರೆ ಮುಗಿಯುವಾಗ ಇಪ್ಪತ್ತೆರಡು ನಿಮಿಷ ಆಗಿತ್ತು. ಒಂದು ಕರೆಗೆ ಆರು ನಿಮಿಷ ದಾಟುವ ಹಾಗಿರಲಿಲ್ಲ. ಆ ತಿಂಗಳ ಇನ್ಸೆಂಟಿವ್ ಹೋಯಿತು.