ಜಾಗತೀಕರಣ ಇಳಕಲ್ಲಿನ ಹೆಣ್ಣುಮಕ್ಕಳಿಗೆ ಬಲ ಕೊಟ್ಟಿತೇ?

ಪರ

ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರ ಓಣಿಗಳ ಹಳೇ ಲೆಕ್ಕ ನೆನಪಿದೆಯಾ? ನೂಲು ಕೊಡುವವರು ಸಾವಕಾರರು. ನೇಯ್ದ ಸೀರೆ ತಗೊಳ್ಳುವವರೂ ಅವರೇ, ದರ ಹೇಳುವವರೂ ಅವರೇ. ಆ ಅಂಗಡಿ ಕಟ್ಟೆಗೆ ಹೆಣ್ಣುಮಕ್ಕಳು ಕಾಲಿಡುತ್ತಿದ್ದದ್ದು ಅಪರೂಪ. 1991ರಲ್ಲಿ ದೇಶದ ಪೇಟೆಯನ್ನು ಹೊರಗಿನವರಿಗೆ ತೆರೆದು ಕೆಟ್ಟೆವು ಎನ್ನುವವರು ಈ ಕಟ್ಟೆಯನ್ನು ಮರೆತೇ ಮಾತಾಡುತ್ತಾರೆ.

ಈಗ ನಮ್ಮ ಓಣಿಯಲ್ಲೇ ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ. ಸೆರಗಿನ ಟೋಪು ತೆನೆ ವಿನ್ಯಾಸ ಕಾಣುವ ಹಾಗೆ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಫೋಟೊ ತೆಗೆಯುತ್ತಾಳೆ. ಬಣ್ಣ ಸರಿಯಾಗಿ ಬರಲಿಲ್ಲವೆಂದು ಮತ್ತೆ ತೆಗೆಯುತ್ತಾಳೆ. ಪುಣೆಯಿಂದ, ಒಮ್ಮೊಮ್ಮೆ ದುಬೈಯಿಂದ, 'ಇದು ಕೈಮಗ್ಗದ್ದೇನಾ?' ಎಂದು ಕೇಳುತ್ತಾರೆ. 'ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆ ಕೊಂಡಿ ಹಾಕಿ ಜೋಡಿಸಿದ್ದು ನೋಡ್ರಿ ಅಕ್ಕಾ' ಅನ್ನುತ್ತಾಳೆ. ದುಡ್ಡು ಅವಳ ಖಾತೆಗೇ ಬೀಳುತ್ತದೆ. ಕರೆಂಟ್ ಬಿಲ್ ಕಟ್ಟಲು ಅಪ್ಪ ಮಗಳ ಹತ್ತಿರ ಕೇಳುತ್ತಾನೆ. ಇದು ಸಣ್ಣ ಮಾತಲ್ಲ, ಅಲ್ವಾ?

ಇಳಕಲ್ ಸೀರೆಗೆ ಸಿಕ್ಕಿರುವ ಜಿಐ (ಭೌಗೋಳಿಕ ಸೂಚಕ, ಈ ಊರಿನದೇ ಸೀರೆ ಎನ್ನುವ) ಗುರುತೂ ಈ ದಾರಿಯಲ್ಲೇ ಬಂದದ್ದು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಒಪ್ಪಿಕೊಂಡಿದ್ದರಿಂದಲೇ ಭಾರತ 1999ರಲ್ಲಿ ಜಿಐ ಕಾಯ್ದೆ ಮಾಡಿತು. ಗಡಿ ದಾಟಿ ಬಂದದ್ದು ಬರೀ ಸರಕಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗಾಗುವ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ವಿಶಾಖಾ ತೀರ್ಪು ವಿಶ್ವಸಂಸ್ಥೆಯ ಮಹಿಳಾ ಒಪ್ಪಂದವನ್ನು ಆಧಾರ ಮಾಡಿಕೊಂಡಿತ್ತು.

ವಿರೋಧ

ಮೇಲಿನದನ್ನು ಬರೆದವನೂ ನಾನೇ. ಆ ಹುಡುಗಿಯ ಬಗ್ಗೆ ನನಗೂ ಹೆಮ್ಮೆ. ಆದರೆ ಅದೇ ಮನೆಯಲ್ಲಿ ರಾಟಿ ಮುಂದೆ ಅವಳ ಅವ್ವ ಕೂತಿರುತ್ತಾಳೆ. ರೊಟ್ಟಿ ಬಡಿದು ಮುಗಿಸಿ ಕೂತರೆ ಒಂದು ಕೈಯಲ್ಲಿ ಎಳೆ, ಇನ್ನೊಂದರಲ್ಲಿ ರಾಟಿ. ಎಳೆ ಹರಿದರೆ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿಯುತ್ತಾಳೆ. ಲಾಳಿಗೆ ಹಾಕುವ ನೂಲಿನ ಸುರುಳಿಯೇ ಕಂಡಿಕೆ; ಅದನ್ನು ಅವಳು ಸುತ್ತಿಕೊಡದಿದ್ದರೆ ಲಾಳಿ ಓಡುವುದಿಲ್ಲ. ಮಜೂರಿ ಮಾತ್ರ ಸೀರೆಗೆ ಇಷ್ಟು ಎಂದು, ಮಗ್ಗದಲ್ಲಿ ಕೂತವನ ಹೆಸರಿಗೆ. 2019-20ರ ಗಣತಿ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸದವರು 35 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ನೂರಕ್ಕೆ 72 ಹೆಣ್ಣುಮಕ್ಕಳು. ಸಾವಕಾರರ ಕಾಲದಲ್ಲೂ ಕಂಡಿಕೆಗೆ ಕೂಲಿ ಇರಲಿಲ್ಲ, ಒಪ್ಪುತ್ತೇನೆ. ದುಬೈಗೆ ಸೀರೆ ಹೋದ ಮೇಲೂ ಇಲ್ಲವಲ್ಲ!

ಜಿಐ ಗುರುತು ಇದ್ದರೇನು, ಅದೇ ದಡಿ, ಅದೇ ಸೆರಗಿನ ಪವರ್‌ಲೂಮ್ ಸೀರೆ ಪಕ್ಕದ ಅಂಗಡಿಯಲ್ಲೇ ಅಗ್ಗಕ್ಕೆ ಸಿಗುತ್ತದೆ. 1985ರ ಕಾಯ್ದೆಯಲ್ಲಿ ಕೈಮಗ್ಗಕ್ಕೆಂದೇ 22 ಬಗೆಯ ಬಟ್ಟೆ ಮೀಸಲಿದ್ದವು. ಆಮೇಲೆ ಅದು 11ಕ್ಕೆ ಇಳಿಯಿತು.

ಇನ್ನು ವಿಶಾಖಾ ತೀರ್ಪು. ಅದನ್ನು ಪೇಟೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ರಾಜಸ್ಥಾನದ ಹಳ್ಳಿಯೊಂದರಲ್ಲಿ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೆ ಗುರಿಯಾದರು. ಮಹಿಳಾ ಸಂಘಟನೆಗಳು ಕೋರ್ಟಿನ ಬಾಗಿಲು ಬಡಿದವು. ಒಪ್ಪಂದದ ಕಾಗದಕ್ಕೆ ಜೀವ ಬಂದದ್ದು ಆಗ.

ನನಗೆ ಜಾಸ್ತಿ ಚಿಂತೆ ಹೆಣ್ಣುಮಕ್ಕಳ ಸಂಘಗಳದ್ದು. ಸಾರಾಯಿ ಬಂದ್ ಮಾಡಿ ಎಂದು ಹೆಣ್ಣುಮಕ್ಕಳು ಬೀದಿಗಿಳಿದ ಕಾಲವಿತ್ತು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಲೇಬೇಕಾಯಿತು. ಈಗ ನಮ್ಮ ಓಣಿಯಲ್ಲಿ ಹೆಂಗಸರು ಗುಂಪು ಸೇರುವುದು, ಗುಂಪಿಗೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್‌ನವರ ಕಂತಿನ ದಿನ. ಎಲ್ಲಿಯದೋ ಹೂಡಿಕೆದಾರರ ದುಡ್ಡು ನಮ್ಮ ಪಡಸಾಲೆಗೆ ಬಂದು ಕೂತಿದೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರೇ ಅವಳ ಬಾಗಿಲಿಗೆ ಹೋಗಿ ನಿಲ್ಲಬೇಕು. ಕುಡುಕ ಗಂಡಂದಿರ ವಿರುದ್ಧ ಒಂದಾಗಿದ್ದವರು ಈಗ ಒಬ್ಬರಿಗೊಬ್ಬರು ಕಾವಲು. ವಸೂಲಿಯವರ ಕಾಟ ಎಲ್ಲಿಗೆ ಮುಟ್ಟಿತೆಂದರೆ, ಅದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹಿಂದಿನ ಮನೆಯ ಅಕ್ಕ ಕಂತಿನ ದಿನ ಬಾಗಿಲಿಗೆ ಬೀಗ ಜಡಿದು ತವರಿಗೆ ಹೋಗಿಬಿಡುತ್ತಾಳೆ. 'ಸಂಘದವರು ಬಂದ್ರ ಊರಾಗಿಲ್ಲ ಅನ್ರಿ' ಎಂದು ನಮ್ಮವ್ವನಿಗೆ ಹೇಳಿ ಹೋಗುತ್ತಾಳೆ. ನಮ್ಮವ್ವನೂ ಅದೇ ಸಂಘದವಳು.