ಸ್ಪೋರ್ಟ್ಸ್ ಕಾರಿನ ಬ್ರೇಕ್: ಮನೆಯಲ್ಲೇ ಬದಲಿಸಬಹುದಾ?

ಪರ: ಈ ಕಾರನ್ನು ನನ್ನಷ್ಟು ಬಲ್ಲವರು ಯಾರು?

ನನ್ನದು 1991ರ ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು, ತೂಕ ಒಂದು ಟನ್ನಿಗಿಂತ ಕಡಿಮೆ. ಇಂಗ್ಲೆಂಡಿನ ನಮ್ಮ ಮನೆ ಮುಂದೆ ಕಾರು ನಿಲ್ಲಿಸುವಷ್ಟೇ ಜಾಗ ಇದೆ. ಹೋದ ವರ್ಷ ಅಲ್ಲೇ ಕೂತು ಅದರ ಬ್ರೇಕ್ ದೊಡ್ಡದು ಮಾಡಿದೆ. ಶನಿವಾರ ಪೂರ್ತಿ, ಭಾನುವಾರ ಅರ್ಧ ದಿನ ಹಿಡಿಯಿತು.

ಸುಮ್ನೆ ಶೋಕಿಗೆ ಮಾಡಿದ್ದಲ್ಲ. ಕಾಸಲ್ ಕೂಮ್ ರೇಸ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಹಳೆ ಬ್ರೇಕ್ ಕೈಕೊಟ್ಟಿತು. ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಎಷ್ಟು ತುಳಿದರೂ ಹಿಡಿತ ಇಲ್ಲ. ಶಿರಾಡಿ ಘಾಟಿ ಇಳಿಯುವ ಲಾರಿಗಳ ಹಿಂದೆ ಒಂದು ಸುಟ್ಟ ವಾಸನೆ ಬರುತ್ತದಲ್ವಾ, ಅದೇ ವಾಸನೆ. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಾಖ ನಾಲ್ಕು ಪಟ್ಟಾಗುತ್ತದೆ. ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ, ಅಂದರೆ ಡಿಸ್ಕ್, ಚಿಕ್ಕದಿದ್ದರೆ ಅಷ್ಟು ಶಾಖವನ್ನು ಎಲ್ಲಿಗೆ ಅಂತ ಬಿಡಬೇಕು?

ಇದಕ್ಕೆ ದಾರಿಯನ್ನು ಮಾಜ್ದಾದವರೇ ತೋರಿಸಿದ್ದಾರೆ. ಮೊದಲ 1.6 ಲೀಟರ್ ಕಾರಿನ ಮುಂದಿನ ಡಿಸ್ಕ್ 235 ಮಿ.ಮೀ. ಇತ್ತು. 1.8 ಎಂಜಿನ್ ಬಂದಾಗ ಅದನ್ನು 255ಕ್ಕೆ ಏರಿಸಿದರು. ಆ ಡಿಸ್ಕು, ಅದನ್ನು ಉಜ್ಜಿ ಹಿಡಿಯುವ ಪ್ಯಾಡು, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಕೂರುವ ಬ್ರಾಕೆಟ್ಟು, ಮೂರೂ ಹಳೆ ಕಾರಿಗೆ ಸಲೀಸಾಗಿ ಕೂರುತ್ತವೆ. ಹಳೆ ಕ್ಯಾಲಿಪರ್ರೇ ಸಾಕು, ಆಯಿಲ್ ಪೈಪ್ ಬಿಚ್ಚುವ ಮಾತೇ ಇಲ್ಲ. ಮುಂದೆ ಹಿಂದೆ ಎರಡೂ ಕಡೆ ಬದಲಿಸಿದೆ. ಒಂದೇ ಕಡೆ ದೊಡ್ಡದು ಮಾಡಿದರೆ ಬ್ಯಾಲೆನ್ಸ್ ಕೆಡುತ್ತದೆ.

ಹಿಂದಿನ ಕ್ಯಾಲಿಪರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಅದರೊಳಗೇ ಇರುವುದರಿಂದ ಕ್ಲಾಂಪ್ ಹಾಕಿ ಒತ್ತಿದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದಕ್ಕೆ ಹೋಗುವುದಿಲ್ಲ. ಹಿಂಬದಿಯಲ್ಲಿ ಒಂದು ಬೋಲ್ಟ್ ಇದೆ. ಅದನ್ನು ತೆಗೆದರೆ ಒಳಗೆ ಆರು ಮೂಲೆಯ ಪುಟ್ಟ ತೂತು. 4 ಮಿ.ಮೀ. ಆಲನ್ ಕೀ ತೂರಿಸಿ ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಮೆಲ್ಲಗೆ ಒಳಗೆ ಸರಿಯುತ್ತದೆ. ಹೊಸ ಪ್ಯಾಡ್ ಕೂರಿಸಿ, ಅದು ಡಿಸ್ಕ್ ಮುಟ್ಟುವವರೆಗೆ ಬಲಕ್ಕೆ ತಿರುಗಿಸಬೇಕು, ಆಮೇಲೆ ಸುತ್ತಿನ ಮೂರನೇ ಒಂದು ಭಾಗ ವಾಪಸ್. ಅಷ್ಟು ವಾಪಸ್ ಬರದಿದ್ದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಜಾಸ್ತಿ ಬಂದರೆ ಹ್ಯಾಂಡ್‌ಬ್ರೇಕ್ ಸಡಿಲ. ನನ್ನ ಕಾರಿನ ಒಂದು ಪಿಸ್ಟನ್ ಮೇಲೆ ಇಕ್ಕಳದ ಹಲ್ಲಿನ ಗುರುತು ಇತ್ತು. ಹಿಂದೆ ಯಾರೋ ಕೂಲಿ ತೆಗೆದುಕೊಂಡು ಇದನ್ನು ಒತ್ತಿ ತಿರುಚಿದ್ದಾರೆ. ಅವರಿಗೆ ಈ ಕಾರು ಅವತ್ತಿನ ಹತ್ತರಲ್ಲಿ ಒಂದು. ನನಗೆ ಇರುವುದೇ ಒಂದು.

ಹಾಗಂತ ಕೈಗೆ ಬಂದಂತೆ ಮಾಡಬಾರದು. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕೆ ಸ್ಟ್ಯಾಂಡೇ ಬೇಕು. ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಬೋಲ್ಟ್ ಮುಟ್ಟಬಾರದು. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಬಿಳಿ ಪೇಂಟಿನ ಗೆರೆ ಎಳೆದೆ, ಸಡಿಲವಾದರೆ ಗೆರೆ ಮುರಿಯುತ್ತದೆ. ಕೊನೆಗೆ ಬ್ರೇಕ್ ಆಯಿಲ್ ಬದಲಿಸಿದೆ. ಹೆಂಡತಿ ಡ್ರೈವರ್ ಸೀಟಿನಲ್ಲಿ, ನಾನು ಚಕ್ರದ ಹತ್ತಿರ. "ಒತ್ತು... ಹಿಡ್ಕೋ... ಈಗ ಬಿಡು." ಹಳೆ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯಲ್ಲಿನ ನೀರನ್ನು ಕುಡಿಯುತ್ತದೆ. ನಿಯಮದ ಪ್ರಕಾರ ಹೊಸ ಡಾಟ್ 4 ದರ್ಜೆಯ ಆಯಿಲ್ 230 ಡಿಗ್ರಿಯವರೆಗೂ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ವಾರದೊಳಗೆ ಎಂಓಟಿಗೆ, ಅಂದರೆ ಇಲ್ಲಿ ಕಾರಿಗೆ ಪ್ರತಿ ವರ್ಷ ಮಾಡಿಸಬೇಕಾದ ಸುರಕ್ಷತಾ ಟೆಸ್ಟಿಗೆ, ಒಯ್ದೆ. ರೋಲರ್ ಮೇಲೆ ಎಡ ಬಲ ಎರಡೂ ಚಕ್ರ ಒಂದೇ ಸಮ ಹಿಡಿದವು. ಮುಂದಿನ ತಿಂಗಳು ಅದೇ ಟ್ರ್ಯಾಕು. ಕ್ವಾರಿ ತಿರುವಿನಲ್ಲಿ ಹನ್ನೆರಡನೇ ಸುತ್ತಿಗೂ ಕಾಲ ಕೆಳಗೆ ಮೊದಲ ಸುತ್ತಿನ ಪೆಡಲ್ಲೇ ಇತ್ತು.

ವಿರೋಧ: ರಸ್ತೆಯಲ್ಲಿ ನಾವೊಬ್ಬರೇ ಇಲ್ಲ

ಗೆಳೆಯರ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಚೊಕ್ಕವಾಗಿದೆ. ಆದರೆ ಅವರನ್ನು ನೋಡಿ ಇನ್ನೊಬ್ಬರು ಸ್ಪ್ಯಾನರ್ ಹಿಡಿಯುತ್ತಾರೆ. ಹಾಗೆ ಹಿಡಿದವರಲ್ಲಿ ನಾನೂ ಒಬ್ಬ.

ನನ್ನದೂ ಅದೇ ಕಾರು. ಹಳೆ ಕ್ಯಾಲಿಪರ್ ತುಕ್ಕು ಹಿಡಿದಿದ್ದವು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಬ್ರೇಕಿನ ಒಂದು ಬೋಲ್ಟನ್ನೂ ಬಿಡುವುದಿಲ್ಲ. ಬ್ರೇಕ್ ಆಯಿಲಿನೊಳಗಿನ ಗಾಳಿ ಹೊರತೆಗೆಯುವ ನಿಪ್ಪಲ್ ಒಂದು ನನ್ನ ಕೈಯಲ್ಲೇ ಮುರಿಯಿತು. ಹಾಗಾಗಿ ರಿಪೇರಿಯಾದ ಬೇರೆ ಕ್ಯಾಲಿಪರ್ ತರಿಸಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಟ್ಟೆ. ಎರಡೂ ಸಲೀಸಾಗಿ ಕೂತವು, ಅನುಮಾನ ಹೇಗೆ ಬರಬೇಕು? ಆದರೆ ಹಾಗೆ ಹಾಕಿದರೆ ಮೇಲಿರಬೇಕಾದ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಆಯಿಲ್ ಹಾಯಿಸಿದರೂ ಹೊರಗೆ ಬರುವುದಿಲ್ಲ. ಪೆಡಲ್ ಸ್ವಲ್ಪ ಮೆತ್ತಗೆ ಅನಿಸಿತು. ಹೊಸ ಪ್ಯಾಡಲ್ವಾ, ಹೊಂದಿಕೊಳ್ಳುತ್ತದೆ ಅಂದುಕೊಂಡೆ.

ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಮೊದಲ ವೃತ್ತದಲ್ಲಿ ಬ್ರೇಕ್ ತುಳಿದರೆ ಪೆಡಲ್ ನೆಲ ಮುಟ್ಟಿತು. ಎರಡು ಮೂರು ಸಲ ಪಂಪ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ ಹೇಗೋ ನಿಲ್ಲಿಸಿದೆ. ಎದುರಿಗೆ ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದರು. ಅವರು ನಮ್ಮ ಕಡೆ ನೋಡಲೂ ಇಲ್ಲ. ಕಾರುಗಳು ನಿಲ್ಲುತ್ತವೆ ಅನ್ನುವ ನಂಬಿಕೆಯಲ್ಲಿ ಹೋಗುತ್ತಿದ್ದರು.

ಎಂಜಿನ್ ಕೆಲಸದಲ್ಲಿ ತಪ್ಪಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಮನೆ ಮುಂದೆಯೇ ನಿಲ್ಲುತ್ತದೆ. ಬ್ರೇಕಿನಲ್ಲಿ ತಪ್ಪಿದರೆ ಕಾರು ಚೆನ್ನಾಗಿಯೇ ಹೊರಡುತ್ತದೆ. ತಪ್ಪು ತಿಳಿಯುವುದು ನಿಲ್ಲಬೇಕಾದಾಗ. ಮನೆಯಲ್ಲಿ ಮಾಡಿದ ಕೆಲಸವನ್ನು ಎರಡನೇ ಜೊತೆ ಕಣ್ಣು ನೋಡಿರುವುದಿಲ್ಲ. ಒಳ್ಳೆಯ ಗ್ಯಾರೇಜಿನಲ್ಲಿ ಕೆಲಸ ಮುಗಿದ ಮೇಲೆ ಇನ್ನೊಬ್ಬರು ಬಂದು ಪೆಡಲ್ ತುಳಿದು ನೋಡುತ್ತಾರೆ. ನನ್ನ ಕ್ಯಾಲಿಪರ್ ತಪ್ಪನ್ನು ಅಂಥವರು ಹತ್ತು ಸೆಕೆಂಡಿನಲ್ಲಿ ಹಿಡಿಯುತ್ತಿದ್ದರು. ಎಂಓಟಿ ಇದೆಯಲ್ಲ ಅಂದರೆ, ಅದರ ರೋಲರ್ ತಣ್ಣಗಿನ ಬ್ರೇಕನ್ನು ನಿಧಾನವಾಗಿ ಉರುಳಿಸಿ ನೋಡುತ್ತದೆ. ಗೆಳೆಯರು ಹೆದರಿದ್ದು ಕಾದ ಬ್ರೇಕಿಗೆ. ಆ ಪರೀಕ್ಷೆ ಅಲ್ಲಿ ನಡೆಯುವುದೇ ಇಲ್ಲ.

ಇನ್ನೊಂದು ವಿಷಯ. ದೊಡ್ಡ ಬ್ರೇಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ರಸ್ತೆಯನ್ನು ಹಿಡಿಯುವುದು ಟೈರು. ಹಳೆ ಬ್ರೇಕಿಗೇ ಚಕ್ರ ತಿರುಗದೆ ಲಾಕ್ ಆಗುತ್ತದೆ ಅಂದರೆ, ಅಲ್ಲಿಂದ ಆಚೆಗೆ ಡಿಸ್ಕ್ ಎಷ್ಟು ದೊಡ್ಡದಾದರೂ ಒಂದಡಿ ಮೊದಲು ನಿಲ್ಲುವುದಿಲ್ಲ. ದೊಡ್ಡ ಡಿಸ್ಕಿನ ಲಾಭ ಮತ್ತೆ ಮತ್ತೆ ಜೋರಾಗಿ ತುಳಿಯುವ ಟ್ರ್ಯಾಕಿನಲ್ಲಿದೆ, ಅಥವಾ ಉದ್ದದ ಇಳಿಜಾರಿನಲ್ಲಿ. ಆಫೀಸಿಗೆ, ಅಂಗಡಿಗೆ ಹೋಗುವ ಕಾರಿಗೆ ಒಳ್ಳೆ ಟೈರು, ಒಳ್ಳೆ ಪ್ಯಾಡು, ಹೊಸ ಆಯಿಲ್ ಸಾಕು. ಮುಂದೆ ಹಿಂದೆ ಬ್ಯಾಲೆನ್ಸ್ ಲೆಕ್ಕ ಹಾಕಿಯೇ ಕಂಪನಿಯವರು ಕಾರು ಕೊಟ್ಟಿರುತ್ತಾರೆ. ಲೆಕ್ಕ ತಪ್ಪಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರ್ರನೆ ತಿರುಗುತ್ತದೆ, ಅದೂ ಮಳೆಯಲ್ಲಿ.

ಬ್ರೇಕ್ ಬದಲಿಸಿದ್ದನ್ನು ಇಲ್ಲಿ ಇನ್ಶೂರೆನ್ಸಿನವರಿಗೆ ಹೇಳಲೇಬೇಕು. ಹೇಳದೆ ಮುಚ್ಚಿಟ್ಟರೆ ಅಪಘಾತವಾದ ದಿನ ಕ್ಲೈಮಿಗೆ ಕುತ್ತು.

ಅವತ್ತು ಸಂಜೆ ಕಾರನ್ನು ಟ್ರಕ್ಕಿಗೆ ಏರಿಸಿ ಹತ್ತಿರದ ಒಬ್ಬ ಹಳೆ ಮೆಕ್ಯಾನಿಕ್ ಹತ್ತಿರ ಕಳಿಸಿದೆ. ಮರುದಿನ ಅವರು ಚಕ್ರ ಬಿಚ್ಚಿ, ಏನೂ ಹೇಳದೆ ಕೆಳಗಿದ್ದ ನಿಪ್ಪಲ್ ಕಡೆ ಟಾರ್ಚ್ ಬಿಟ್ಟರು. ಈಗಲೂ ಬ್ರೇಕ್ ಕೆಲಸಕ್ಕೆ ಅವರ ಹತ್ತಿರವೇ ಹೋಗುತ್ತೇನೆ. ಪಕ್ಕದಲ್ಲಿ ನಿಂತು ಎಲ್ಲ ನೋಡುತ್ತೇನೆ, ಕೇಳುತ್ತೇನೆ, ಟಾರ್ಚ್ ಹಿಡಿಯುತ್ತೇನೆ. ಮನೆಗೆ ಬಂದ ಮೇಲೆ ಮಗ ಕಾರು ಹತ್ತುವ ಮುಂಚೆ ಒಂದು ಮಾತು ತಪ್ಪದೆ ಕೇಳುತ್ತಾನೆ: "ಅಪ್ಪ, ಬ್ರೇಕ್ ತುಳಿದು ನೋಡಿದ್ಯಾ?"