ಮೊರೆಮಿಯ ನೀರಿನ ಬಗ್ಗೆಯೂ ಬರೆಯಿರಿ
ಬೋಟ್ಸ್ವಾನಾದ ಮೊರೆಮಿ ಅಭಯಾರಣ್ಯದ ಸಿಂಹ, ಚಿರತೆ, ಕಾಡುನಾಯಿಗಳ ಬಗ್ಗೆ ನಿಮ್ಮ ಲೇಖನದಲ್ಲಿ ತುಂಬ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಒಕವಾಂಗೊ ನದಿಯ ನೀರಿಗೆ ಒಂದೇ ಸಾಲು ಕೊಟ್ಟಿದ್ದು ಬೇಸರವಾಯಿತು. ಅಲ್ಲಿನ ಬದುಕೆಲ್ಲ ನಿಂತಿರುವುದೇ ಆ ನೀರಿನ ಮೇಲೆ.

ಮಳೆ ಬೀಳುವುದು ದೂರದ ಅಂಗೋಲಾದ ಬೆಟ್ಟಗಳಲ್ಲಿ. ನೀರು ನಮೀಬಿಯಾ ದಾಟಿ ತಿಂಗಳುಗಟ್ಟಲೆ ತೆವಳುತ್ತಾ ಬರುತ್ತದೆ. ಹೀಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಸುತ್ತಲಿನ ನೆಲ ಒಣಗಿ ಬಿರುಕು ಬಿಟ್ಟಿರುವಾಗಲೇ ಮೊರೆಮಿಯಲ್ಲಿ ನೆರೆ! ಆನೆ, ಕಾಡೆಮ್ಮೆಗಳ ಹಿಂಡು ಅಲ್ಲಿಗೆ ಬಂದು ಸೇರುವುದು ಅದಕ್ಕೇ. ಈ ನದಿ ಸಮುದ್ರ ಸೇರುವುದಿಲ್ಲ, ಬಹುಪಾಲು ನೀರು ಆವಿಯಾಗಿಯೇ ಹೋಗುತ್ತದೆ.

ಮೌನ್ ಊರಿನಿಂದ ಸಣ್ಣ ವಿಮಾನದಲ್ಲಿ ಹೋದಾಗ ಕೆಳಗೆ ನೂರಾರು ದ್ವೀಪಗಳು ಕಂಡವು. ಅಂಚಿನಲ್ಲಿ ದಟ್ಟ ಮರಗಳು, ನಡುವೆ ಬೋಳು ಬಿಳಿ ನೆಲ. ಎಷ್ಟೋ ದ್ವೀಪಗಳ ಹುಟ್ಟು ಗೆದ್ದಲ ಹುತ್ತದಿಂದ. ಹುತ್ತದ ಮೇಲೆ ಮರ ಬೆಳೆದು, ಬೇರು ನೀರು ಹೀರಿ, ಅದರಲ್ಲಿನ ಉಪ್ಪು ದ್ವೀಪದ ನಡುವೆ ಉಳಿದುಬಿಡುತ್ತದೆ. ಲೆಚ್ವೆ ಎಂಬ ಕೆಂಚು ಜಿಂಕೆಯಂಥ ಪ್ರಾಣಿಯ ಗೊರಸು ನೋಡಬೇಕು: ಉದ್ದ, ಅಗಲಕ್ಕೆ ಬಿಚ್ಚಿಕೊಳ್ಳುವಂಥದ್ದು. ಮೊಣಕಾಲುದ್ದ ನೀರಿನಲ್ಲಿ ಸಿಂಹಕ್ಕಿಂತ ಸಲೀಸಾಗಿ ನೆಗೆಯುತ್ತದೆ.

ಇನ್ನೊಂದು ಮಾತು. 1963ರಲ್ಲಿ ಈ ಅಭಯಾರಣ್ಯ ಮಾಡಿದ್ದು ಅಲ್ಲಿನ ಬಟವಾನಾ ಜನರೇ, ತಮ್ಮದೇ ನೆಲದಲ್ಲಿ. ಅವರ ಹೆಸರನ್ನು ದಯವಿಟ್ಟು ಲೇಖನದಲ್ಲಿ ಸೇರಿಸಿ.

2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಕವಾಂಗೊ ನದಿ ಹರಡಿಕೊಳ್ಳುವ ಬೋಟ್ಸ್ವಾನಾದ ಭಾಗ ಮಾತ್ರ, ನೀರು ಹುಟ್ಟುವ ಅಂಗೋಲಾದ ಬೆಟ್ಟಗಳಿಗೆ ಆ ರಕ್ಷಣೆ ಇಲ್ಲ. ಮುಂದಿನ ಬರಹ ಅದರ ಬಗ್ಗೆ ಇರಲಿ ಎಂದು ಕೇಳಿಕೊಳ್ಳುತ್ತೇನೆ.